ಮದರ್ ಜಿಪೋರಾಳ ಶ್ರುತಿ ಹುಡುಕಿದ ಲುವೀನಿಯಾ

ಲುವೀನಿಯಾಳ ಗಿಟಾರಿಗೆ ಗೊತ್ತಿದ್ದದ್ದು ಎರಡೇ ಮನೆ. ಒಂದು ಇ ಶ್ರುತಿ, ಇನ್ನೊಂದು ಎ ಶ್ರುತಿ. ಗಂಡ ಹರ್ಶೆಲ್ ಬದುಕಿದ್ದಾಗ ಹಿಂಬಾಗಿಲ ಹತ್ತಿರ ಕೂತು ಕಲಿಸಿದ್ದು ಅಷ್ಟೇ. ಐದೇ ಸ್ವರ, ಅದರಲ್ಲೇ ಅಳು, ನಗು, ಪ್ರಾರ್ಥನೆ ಎಲ್ಲ. ಆ ಎರಡು ಶ್ರುತಿಗಳಲ್ಲಿ ಬೆರಳು ಒತ್ತದೆ ಬಿಟ್ಟ ತಂತಿಗಳೇ ಅರ್ಧ ಕೆಲಸ ಮಾಡಿಕೊಡುತ್ತವೆ. ಹಾಗಾಗಿ ಇಪ್ಪತ್ತು ವರ್ಷ ಅವಳ ಕೈ ಗಿಟಾರಿನ ಕತ್ತಿನ ತುದಿಯಲ್ಲೇ, ಮೊದಲ ಮೂರು ಮೆಟ್ಟುಗಳಲ್ಲೇ ಓಡಾಡಿಕೊಂಡು ಸುಖವಾಗಿತ್ತು.

ಆ ಸುಖ ಕೆಟ್ಟದ್ದು ಚರ್ಚಿನಲ್ಲಿ ಪಿಯಾನೋ ನುಡಿಸುತ್ತಿದ್ದ ಥಿಯೋಫಿಲಸ್ ತೀರಿಕೊಂಡ ಮೇಲೆ. ಹತ್ತಿ ಹೊಲದ ಅಂಚಿನ ಆ ಹಲಗೆಯ ಚರ್ಚಿನಲ್ಲಿ ಹಾಡು ಎತ್ತುತ್ತಿದ್ದವರು ಮದರ್ ಜಿಪೋರಾ, ಸಭೆಗೆಲ್ಲ ಹಿರಿಯ ತಾಯಿ. ಎಂಬತ್ತಮೂರು ವರ್ಷ, ಬಿಳಿ ಉಡುಪು, ಬಿಳಿ ಟೋಪಿ. ಯಾವ ಶ್ರುತಿ ಎಂದು ಮೊದಲೇ ಹೇಳುವ ಪದ್ಧತಿ ಅಲ್ಲಿರಲಿಲ್ಲ. ಅವರು ಎದ್ದು ನಿಂತು ಕಣ್ಣು ಮುಚ್ಚುತ್ತಿದ್ದರು. ಹಾಡು ಎಲ್ಲಿಂದ ಬಂತೋ ಅಲ್ಲಿಂದ. ಒಂದು ವಾರ ಎ ಫ್ಲಾಟ್, ಇನ್ನೊಂದು ವಾರ ಡಿ ಫ್ಲಾಟ್, ಎರಡೂ ಗಿಟಾರಿನ ಬಿಟ್ಟ ತಂತಿಗೆ ಸಿಗದ ಶ್ರುತಿಗಳು. ಥಿಯೋಫಿಲಸ್ ಪಿಯಾನೋದ ಕರಿಯ ಮನೆಗಳ ಮೇಲೆ ಬೆರಳಾಡಿಸಿ ಅವರನ್ನು ಹಿಡಿಯುತ್ತಿದ್ದ. ಈಗ ಪಿಯಾನೋದ ಮುಚ್ಚಳ ಇಳಿದಿತ್ತು. ಉಳಿದದ್ದು ಲುವೀನಿಯಾಳ ಗಿಟಾರು ಒಂದೇ.

ಡೀಕನ್ ಎಜೆಲ್ ಚರ್ಚಿನ ಹಿರಿಯ, ಎಲ್ಲದಕ್ಕೂ ಒಂದು ಉಪಾಯ ಇಟ್ಟುಕೊಂಡವನು. "ಸಿಸ್ಟರ್, ಒಂದು ಪೆನ್ಸಿಲ್ ತುಂಡು, ಒಂದು ರಬ್ಬರ್ ಬ್ಯಾಂಡು. ತಂತಿ ಮೇಲೆ ಅಡ್ಡ ಕಟ್ಟು, ಶ್ರುತಿ ಏರತ್ತೆ. ಬೆರಳಿಗೆ ಹೊಸದು ಕಲಿಸೋ ತಾಪತ್ರಯ ಇಲ್ಲ," ಎಂದ.

ಅವಳು ಶನಿವಾರವೇ ಮದರ್ ಮನೆಗೆ ಹೋಗಿ ಒಂದು ಸಾಲು ಗುನುಗಿಸಿಕೊಂಡು, ಅದಕ್ಕೆ ಸರಿಯಾಗಿ ಪೆನ್ಸಿಲ್ ಕಟ್ಟಿಕೊಂಡು ಬಂದಳು. ಭಾನುವಾರ ಮದರ್ ಬೇರೆಯೇ ಕಡೆಯಿಂದ ಎತ್ತಿದರು. ಗಿಟಾರು ಒಂದು ದಾರಿ, ಹಾಡು ಒಂದು ದಾರಿ. ಲುವೀನಿಯಾ ಪೆನ್ಸಿಲ್ ಜರುಗಿಸಲು ಹೋದಳು. ರಬ್ಬರ್ ಬ್ಯಾಂಡು ಚಟ್ ಎಂದು ಹರಿದು ಪೆನ್ಸಿಲ್ ಡೀಕನ್ನನ ಬೂಟಿನ ಹತ್ತಿರಕ್ಕೆ ಉರುಳಿತು. ಮಕ್ಕಳು ನಕ್ಕರು. ಮದರ್ ನಗಲಿಲ್ಲ. ಸಾಲಿನ ನಡುವೆ ನಿಲ್ಲಿಸಿ ಕುಳಿತುಬಿಟ್ಟರು. ಅರವತ್ತು ವರ್ಷಗಳಲ್ಲಿ ಅವರು ಹಾಡಿನ ಮಧ್ಯೆ ಕೂತದ್ದು ಅದೇ ಮೊದಲು.

ಮುಂದಿನ ವಾರ ಅವರು ಏಳಲಿಲ್ಲ. ಅದರ ಮುಂದಿನ ವಾರವೂ.

"ಮದರ್, ಸಿಸ್ಟರ್ ಸ್ವರ ಕೊಡ್ತಾಳೆ, ನೀವು ಅದನ್ನ ಹಿಡಿದು ಹಾಡಿಬಿಡಿ," ಎಂದ ಡೀಕನ್.

"ಎಜೆಲ್, ಬಾವಿಗೆ ನೀನು ಹೋಗ್ತೀಯಾ, ಬಾವಿ ನಿನ್ ಹತ್ರ ಬರತ್ತಾ?" ಎಂದು ಅವರು ಬೀಸಣಿಗೆ ಬೀಸಿಕೊಂಡರು. "ನನ್ನಿಂದ ಹಾಡು ಕೆಡೋದು ಬೇಡ. ಆಯ್ತು ನನ್ನ ಕಾಲ."

ಆ ಮಾತು ಲುವೀನಿಯಾಳ ಎದೆಯಲ್ಲಿ ಕೂತಿತು. ತನ್ನ ಬೆರಳುಗಳಿಗೆ ದಾರಿ ಗೊತ್ತಿಲ್ಲ ಅಂತ ಆ ಕಂಠ ಮುಚ್ಚಿಹೋಗುವುದೇ? ಪೆನ್ಸಿಲ್ಲನ್ನು ಒಲೆಗೆ ಹಾಕಿದಳು.

ಆಗಸ್ಟ್ ತಿಂಗಳ ಮಧ್ಯಾಹ್ನಗಳಲ್ಲಿ ಮಿಸಿಸಿಪ್ಪಿಯ ಆ ಭಾಗದಲ್ಲಿ ಎಲೆಯೂ ಅಲುಗುವುದಿಲ್ಲ. ಸದ್ದು ಮಾತ್ರ ತೇಲುತ್ತಿರುತ್ತದೆ. ಅವಳು ಅಡಿಗೆಮನೆಯಲ್ಲಿ ಗಿಟಾರು ತೊಡೆಯ ಮೇಲಿಟ್ಟುಕೊಂಡು ಕುಳಿತಾಗ ಹಳೆಯ ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಎಷ್ಟು ವರ್ಷದಿಂದ ಗುನುಗುತ್ತಿತ್ತೋ, ಅಂದೇ ಕೇಳಿಸಿದಂತಾಯಿತು. ದಪ್ಪ ತಂತಿಯ ಮೇಲೆ ಒಂದೊಂದೇ ಮೆಟ್ಟು ಏರುತ್ತ ಅದನ್ನು ಹುಡುಕಿದಳು. ಆರನೆಯ ಮೆಟ್ಟಿಗಿಂತ ಚೂರು ಮೇಲೆ, ಏಳಕ್ಕಿಂತ ಚೂರು ಕೆಳಗೆ. ಆರರಲ್ಲಿ ಒತ್ತಿ ತಂತಿಯನ್ನು ಕೂದಲೆಳೆಯಷ್ಟು ಎಳೆದಳು. ಗಿಟಾರೂ ಫ್ರಿಜ್ಜೂ ಒಂದಾಗಿ ಗುನುಗಿದವು.

ಅಲ್ಲಿಂದ ಐದು ಸ್ವರ ಹುಡುಕಬೇಕು. ಇಲ್ಲಿ ಬಿಟ್ಟ ತಂತಿ ಯಾವುದೂ ನೆರವಿಗೆ ಬರುವುದಿಲ್ಲ, ಮುಟ್ಟಿದರೆ ನೆರೆಮನೆಯವರು ಒಳನುಗ್ಗಿದ ಹಾಗೆ. ಪ್ರತಿ ಸ್ವರವನ್ನೂ ಬೆರಳೇ ದುಡಿದು ತರಬೇಕು. ತೋರುಬೆರಳು ಒಂದು ಕಡೆ ಊರಿ, ಕಿರುಬೆರಳು ಮೂರು ಮೆಟ್ಟು ಆಚೆಗೆ ಚಾಚಿ, ತಂತಿಯಿಂದ ತಂತಿಗೆ. ಕಿರುಬೆರಳು ಮಾತು ಕೇಳದೆ ಸೆಟೆದು ನಿಲ್ಲುತ್ತಿತ್ತು. ಸಾರು ಸೀದುಹೋದದ್ದೂ ಅವಳಿಗೆ ತಿಳಿಯಲಿಲ್ಲ.

ಆಮೇಲೆ ಊರೆಲ್ಲ ಗುನುಗತೊಡಗಿತು. ಅವಳು ಕೆಲಸ ಮಾಡುವ ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರ ಉಸಿರು ಬಿಡುವುದು ಒಂಬತ್ತನೆಯ ಮೆಟ್ಟು, ಡಿ ಫ್ಲಾಟ್. ಅಂಗಿಯ ಕಾಲರಿನ ಮೇಲೆ ಬೆರಳುಗಳು ತಾವಾಗಿ ನಡೆಯುತ್ತಿದ್ದವು.

"ಏನೇ ಅದು, ಅಂಗಿಗೆ ಕಚಗುಳಿ ಇಡ್ತಿದೀಯಾ?" ಎಂದು ಪಕ್ಕದವಳು ಕೇಳಿದಳು.

"ಹೂಂ. ಯಾವನ ಅಂಗಿಯೋ, ನಕ್ಕರೆ ಹೇಳ್ತೀನಿ."

ಸಾಮಾನು ಸಾಗಿಸುವ ರೈಲಿನ ಕೂಗು, ಹತ್ತಿ ಗಿರಣಿಯ ಮೊರೆತ, ಜೇನುನೊಣಗಳು. ಯಾವುದೂ ಇ ಅಲ್ಲ, ಎ ಅಲ್ಲ. ಎಲ್ಲಿಗೆ ಹೋದರೂ ಕೈಯ ಆಕಾರ ಅದೇ, ಜಾಗ ಮಾತ್ರ ಬೇರೆ ಎಂಬುದು ಒಂದು ಮಧ್ಯಾಹ್ನ ಹೊಳೆಯಿತು. ಅಂದು ಅವಳು ಬಹಳ ಹೊತ್ತು ಕತ್ತಿನ ಉದ್ದಕ್ಕೂ ಕೈ ಜಾರಿಸುತ್ತ ಕುಳಿತಿದ್ದಳು, ನಿದ್ದೆಯಲ್ಲಿ ದೋಣಿಯಲ್ಲಿದ್ದ ಹಾಗೆ.

ಸೆಪ್ಟೆಂಬರಿನಲ್ಲಿ ಮದರ್ ಮನೆಯ ಜಗಲಿಗೆ ಬಟಾಣಿ ಸುಲಿಯಲು ಹೋದಳು. ಗಿಟಾರನ್ನೂ ಒಯ್ದಳು. ಮದರ್ ಸುಲಿಯುತ್ತ ಸುಲಿಯುತ್ತ ತಮಗೇ ಗೊತ್ತಿಲ್ಲದೆ ಗುನುಗಿದರು. ಲುವೀನಿಯಾ ಬೆರಳು ಒರೆಸಿಕೊಂಡು ಮೆಲ್ಲಗೆ ಹುಡುಕಿದಳು. ಮೂರು ತಪ್ಪು, ನಾಲ್ಕನೆಯದು ಸರಿ. ಗುನುಗು ನಿಂತಿತು.

"ಬಟಾಣಿ ಸುಲಿಯಕ್ಕೆ ಬಂದ್ಯಾ, ನನ್ ಹಿಂದೆ ಬೇಹುಗಾರಿಕೆ ಮಾಡಕ್ಕೆ ಬಂದ್ಯಾ?"

"ಎರಡಕ್ಕೂ, ಮದರ್. ಭಾನುವಾರ ಏಳಿ."

"ಪೆನ್ಸಿಲ್ ತರ್ತೀಯಾ?"

"ಇಲ್ಲ."

ಮದರ್ ಇನ್ನೊಂದು ಕಾಯಿ ಬಿಡಿಸಿದರು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಬೀಸಣಿಗೆಗಳು ನಿಧಾನಕ್ಕೆ ಆಡುತ್ತಿದ್ದವು. ಬಿಳಿ ಟೋಪಿ ಮೇಲೆದ್ದಿತು. ಮದರ್ ಕಣ್ಣು ಮುಚ್ಚಿ ನದಿ ದಾಟುವ ಹಾಡೊಂದನ್ನು ಎತ್ತಿದರು. ಲುವೀನಿಯಾ ಹಾಡಿನ ಮೊದಲ ಸಾಲಿಗೆ ತಂತಿ ಮುಟ್ಟಲಿಲ್ಲ. ಕೇಳಿದಳು. ಡೀಕನ್ ತಿರುಗಿ ನೋಡಿದ, ಬಾರಿಸು ಎಂಬಂತೆ ಹುಬ್ಬು ಹಾರಿಸಿದ. ಎರಡನೆಯ ಸಾಲು ಏಳುವಾಗ ದಪ್ಪ ತಂತಿಯ ನಾಲ್ಕನೆಯ ಮೆಟ್ಟಿನಲ್ಲಿ ಒಂದೇ ಸ್ವರ ಇಟ್ಟಳು. ಎ ಫ್ಲಾಟ್. ಮದರ್ ತೂಗುತ್ತಿದ್ದವರು ಒಂದು ಚಣ ನಿಂತು, ಮತ್ತೆ ತೂಗಿದರು.

ಮೂರನೆಯ ಚರಣದ ಹೊತ್ತಿಗೆ ಮುದಿ ಕಂಠ ದಣಿಯಿತು. ಮೆಲ್ಲನೆ, ಒಂದು ಮೆಟ್ಟಿನಷ್ಟು, ಹಾಡು ಕೆಳಕ್ಕೆ ಜಾರಿತು. ಹಿಂದಿನ ಸಲದ ಹಾಗೇ ಎಲ್ಲ ಹರಿದುಹೋಗುವ ಜಾಗ ಅದು. ಮದರ್ ಕಣ್ಣು ತೆರೆದು ಅವಳತ್ತ ನೋಡಿದರು, ಕೂರಲೋ ಎಂಬಂತೆ.

ಲುವೀನಿಯಾಳ ಕೈ ಆಗಲೇ ಹೊರಟಿತ್ತು. ಬೆರಳುಗಳು ತಂತಿ ಬಿಡಲಿಲ್ಲ, ಇದ್ದ ಆಕಾರದಲ್ಲೇ ನಾಲ್ಕರಿಂದ ಮೂರಕ್ಕೆ ಜಾರಿದವು. ಜಾರಿದ್ದು ತಪ್ಪಲ್ಲ, ಹಾಡಿನ ದಾರಿಯೇ ಅದು ಅನ್ನುವ ಹಾಗೆ ಕೇಳಿಸಿತು. ಜನ ಚಪ್ಪಾಳೆಯ ಲಯ ಬಿಡಲಿಲ್ಲ. ಮದರ್ ಮತ್ತೆ ಕಣ್ಣು ಮುಚ್ಚಿ, ಹಾಡು ದಡ ಮುಟ್ಟುವ ತನಕ ನಿಂತೇ ಇದ್ದರು.

ಹೊರಗೆ ಪೀಕನ್ ಮರದ ನೆರಳಲ್ಲಿ ಮದರ್ ಅವಳ ತೋಳು ಹಿಡಿದರು.

"ಎಲ್ಲಿ ಕಲ್ತೆ ಮಗಳೇ?"

"ನಮ್ಮನೆ ಫ್ರಿಜ್ ಕಲಿಸ್ತು, ಮದರ್."

"ಅದಕ್ಕೇ ಹಾಡಿನ ಮೊದಲ ಸಾಲಲ್ಲಿ ನೀನು ಅಷ್ಟು ತಣ್ಣಗೆ ಕೂತಿದ್ದೆ," ಎಂದರು ಮದರ್. ನಗುತ್ತಲೇ ಇನ್ನೊಂದು ಹಾಡಿನ ತುದಿಯನ್ನು ಗುನುಗಿದರು. ಅದು ಇನ್ನೂ ಕೆಳಗಿತ್ತು. ಗಿಟಾರು ಚೀಲದಲ್ಲಿತ್ತು, ಲುವೀನಿಯಾಳ ಎಡಗೈ ಮಾತ್ರ ಮದರ್ ಅವರ ಸಪೂರ ತೋಳಿನ ಮೇಲೆ, ಬಿಳಿ ಅಂಗಿತೋಳಿನ ಉದ್ದಕ್ಕೆ, ಮೆಲ್ಲಗೆ ಒಂದು ಮೆಟ್ಟು ಇಳಿಯಿತು.