ಎಳೆಯ ಚರ್ಮಕ್ಕೊಬ್ಬಳು ಕಾವಲುಗಾರ್ತಿ

ಬೆಳಗಿನ ಏಳು ಗಂಟೆ. ಕಿಟಕಿಯಾಚೆ ಕೊಲ್ಲಿಯ ನೀರು ಇನ್ನೂ ಸೀಸದ ಬಣ್ಣದಲ್ಲಿದೆ. ಕ್ವಾಲ್ಬಾ ಊರಿನ ಮನೆಯೊಂದರ ಅಡುಗೆಕೋಣೆಯಲ್ಲಿ ರಾನ್ವಾ ಅಂಗಿಯ ತೋಳು ಮಡಚಿ ಮೊಣಕೈವರೆಗೆ ಕೈ ತೊಳೆಯುತ್ತಿದ್ದಾರೆ. ಒಮ್ಮೆ ತೊಳೆದು ಒರೆಸಿಕೊಂಡು, ನಂಬಿಕೆ ಸಾಲದವರಂತೆ ಮತ್ತೊಮ್ಮೆ ತೊಳೆಯುತ್ತಾರೆ. ಮೇಜಿನ ಮೇಲೆ ಹಾಸಿದ ಹತ್ತಿಬಟ್ಟೆಯಲ್ಲಿ ನಾಲ್ಕು ತಿಂಗಳ ಗಂಡುಮಗು ಮಲಗಿ ಕಿರುಚುತ್ತಿದೆ. ಅದರ ಕೆನ್ನೆ, ಮೊಣಕೈ, ಕತ್ತಿನ ಮಡಿಕೆಗಳಲ್ಲಿ ಚರ್ಮ ಒಣಗಿ ಬಿರಿದು ಕೆಂಪಾಗಿದೆ. ಮುಲಾಮಿನ ಡಬ್ಬಿ ಪಕ್ಕದಲ್ಲೇ ಇದ್ದರೂ ರಾನ್ವಾ ಅದನ್ನು ಮುಟ್ಟುವುದಿಲ್ಲ. ಜೇಬಿನಿಂದ ಪುಟ್ಟ ಟಾರ್ಚ್ ತೆಗೆದು ನೆತ್ತಿಯಿಂದ ಅಂಗಾಲಿನವರೆಗೆ ಬೆಳಕು ಬಿಡುತ್ತಾ ಹೋಗುತ್ತಾರೆ. ಕಣ್ಣಿನ ಸುತ್ತ ಬಂದಾಗ ಇನ್ನಷ್ಟು ಬಾಗಿ ನೋಡುತ್ತಾರೆ.

"ಅಷ್ಟೊತ್ತಿಂದ ಏನು ಹುಡುಕ್ತಿದ್ದೀಯ?" ಎಂದು ಮಗುವಿನ ತಂದೆ ಕೇಳುತ್ತಾನೆ.

"ಸಿಗಬಾರದ್ದನ್ನ. ಸಿಗಲಿಲ್ಲ. ಈಗ ನೀರು ಬಿಡು. ಬೆಚ್ಚಗಿದ್ರೆ ಸಾಕು, ಬಿಸಿ ಬೇಡ."

ಸ್ನಾನಕ್ಕೆ ಐದು ನಿಮಿಷ. ಒರೆಸುವುದೆಂದರೆ ಉಜ್ಜುವುದಲ್ಲ, ಬಟ್ಟೆ ಒತ್ತಿ ನೀರು ಹೀರಿಸುವುದು. ಮೈ ಪೂರ್ತಿ ಆರುವ ಮೊದಲೇ ಮುಲಾಮು. ಡಬ್ಬಿಯೊಳಗೆ ಬೆರಳು ಅದ್ದುವಂತಿಲ್ಲ. ಶುಭ್ರವಾದ ಚಮಚದಲ್ಲಿ ತೆಗೆದು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಮೈಗೂದಲು ಮಲಗುವ ದಿಕ್ಕಿಗೆ ಸವರಬೇಕು. ಹೊರಗೆ ಬೆಳಕು ಹರಿಯುವ ಹೊತ್ತಿಗೆ ಮಗು ಅಳು ನಿಲ್ಲಿಸಿ, ತನ್ನ ಹೊಳೆಯುವ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿದ್ದೆ ಹೋಗುತ್ತದೆ. ರಾನ್ವಾ ಕೋಟು ಹಾಕಿಕೊಳ್ಳುತ್ತಾರೆ. ಇನ್ನೂ ಐದು ಮನೆಗಳಿವೆ.

ಐವತ್ತೆಂಟರ ರಾನ್ವಾ ದೂರದ ಉತ್ತರ ಕಡಲಿನ ಸುದುರೊಯ್ ದ್ವೀಪದಲ್ಲಿ ಮನೆಮನೆಗೆ ಹೋಗುವ ಶಿಶುದಾದಿ. ಈ ಕೆಲಸ ಹಿಡಿದು ಇಪ್ಪತ್ತಾರು ವರ್ಷವಾಯಿತು. ಈ ವರ್ಷ ಅವರ ಪಾಲಿಗೆ ನಲವತ್ತೇಳು ಕೂಸುಗಳು. ಅವುಗಳಲ್ಲಿ ಹನ್ನೊಂದಕ್ಕೆ ಇಸುಬು. ಇಸುಬಿನ ಒಂದು ಕೂಸಿಗೆ ವಾರಕ್ಕೆ ಕಾಲು ಕಿಲೋ ಮುಲಾಮು ಬೇಕಾಗುತ್ತದೆ ಎಂದರೆ ಹೊಸ ತಾಯಂದಿರು ನಗುತ್ತಾರೆ. ಎರಡನೆಯ ವಾರಕ್ಕೆ ಅವರ ನಗು ನಿಂತಿರುತ್ತದೆ. ಕೂಸಿನ ಉಗುರು ಕತ್ತರಿಸುವುದು, ರಾತ್ರಿ ಕೈಗೆ ಹತ್ತಿಯ ಚೀಲ ಹಾಕುವುದು, ಮುಲಾಮು ಮೆತ್ತಿ ಬೇಗ ಹೊತ್ತಿಕೊಳ್ಳುವ ಬಟ್ಟೆಯನ್ನು ಮೇಣದಬತ್ತಿಯ ಹತ್ತಿರಕ್ಕೂ ಒಯ್ಯದಿರುವುದು, ಎಲ್ಲವನ್ನೂ ಅವರು ಪ್ರತಿ ಮನೆಯಲ್ಲೂ ಮೊದಲ ಸಲ ಹೇಳುವವರಂತೆ ಹೇಳುತ್ತಾರೆ.

"ಜನ ನನ್ನನ್ನ ತುಂಬಾ ಸಮಾಧಾನದವಳು ಅಂತಾರೆ," ಎನ್ನುತ್ತಾರೆ ಕಾರಿನ ಬಾಗಿಲು ಎಳೆದುಕೊಳ್ಳುತ್ತಾ. "ಸುಳ್ಳು. ನಾನು ಹೆದರುಪುಕ್ಕಲಿ. ಪ್ರತಿ ಮನೆ ಬಾಗಿಲು ತಟ್ಟುವಾಗ್ಲೂ ಹೆದರ್ತೀನಿ."

ಆ ಭಯಕ್ಕೆ ಒಂದು ಹೆಸರಿದೆ: ಐದಿಸ್. ಹತ್ತೊಂಬತ್ತು ವರ್ಷದ ಹಿಂದೆ ದ್ವೀಪದ ದಕ್ಷಿಣ ತುದಿಯಲ್ಲಿ ಐದಿಸ್ ಎಂಬ ಎಂಟು ತಿಂಗಳ ಕೂಸಿಗೆ ಇಸುಬಿತ್ತು. ಒಂದು ಶುಕ್ರವಾರ ಕೂಸಿನ ಹುಬ್ಬಿನ ಮೇಲೆ ಸಣ್ಣ ಗುಳ್ಳೆಗಳೆದ್ದವು. ಕೆರೆದುಕೊಂಡು ಕೀವಾಗಿದೆ ಎಂದುಕೊಂಡ ರಾನ್ವಾ, ಸೋಮವಾರ ಮತ್ತೆ ನೋಡೋಣ ಎಂದು ಹೇಳಿ ಬಂದರು. ಅದು ಕೀವಾಗಿರಲಿಲ್ಲ. ದೊಡ್ಡವರ ತುಟಿಯ ಮೇಲೆ ಏಳುವ ಜ್ವರದ ಗುಳ್ಳೆಯ ವಿಷಾಣು, ಇಸುಬಿನಿಂದ ಬಿರಿದ ಚರ್ಮಕ್ಕೆ ಹೊಕ್ಕರೆ ಬೆಂಕಿಯಂತೆ ಹಬ್ಬುತ್ತದೆ. ಸೋಮವಾರದ ಹೊತ್ತಿಗೆ ಅದು ಕಣ್ಣಿಗಿಳಿದಿತ್ತು. ಐದಿಸ್ ಬದುಕಿದಳು. ಎಡಗಣ್ಣು ಹಾಲಿನಂತೆ ಬೆಳ್ಳಗಾಯಿತು. ಈಗ ಅವಳು ಬ್ರೆಡ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ರಾನ್ವಾ ಪ್ರತಿ ಶನಿವಾರ ಅಲ್ಲಿಂದಲೇ ಬ್ರೆಡ್ ಒಯ್ಯುತ್ತಾರೆ.

"ಅವಳಿಗೂ ಗೊತ್ತು, ಅವರಮ್ಮನಿಗೂ ಗೊತ್ತು. ಯಾರೂ ಒಂದು ಮಾತು ಆಡಿಲ್ಲ. ಬೈದಿದ್ರೆ ಚೆನ್ನಾಗಿತ್ತು."

ಕಳೆದ ಆಗಸ್ಟಿನಲ್ಲಿ ರಾನ್ವಾ ಅದೇ ಕ್ವಾಲ್ಬಾದ ಇನ್ನೊಂದು ಮನೆಯ ಮೆಟ್ಟಿಲು ಹತ್ತಿದರು. ಮೂರು ತಿಂಗಳ ಹೆಣ್ಣುಕೂಸು ಸುನ್ನಿವಾಳ ಮೈ ಮೀನಿನ ಹುರುಪೆಯಂತೆ ಸುಲಿಯುತ್ತಿತ್ತು. ಅವಳ ತಾಯಿ ಅಸ್ಲಾಳನ್ನೂ ಕೂಸಾಗಿದ್ದಾಗ ತೂಕ ಮಾಡಿ ನೋಡಿಕೊಂಡಿದ್ದು ರಾನ್ವಾ ಅವರೇ. ಕೂಸಿನ ತಂದೆ ಮೀನು ಹಡಗಿನಲ್ಲಿ ದೂರದ ಕಡಲಿಗೆ ಹೋಗಿದ್ದ. ಮನೆಯಲ್ಲಿ ಅಸ್ಲಾಳ ತಾಯಿ ಹೆರ್ಬೊರ್ಗ್, ತಂದೆ ಮಿಕ್ಯಾಲ್. ಹೆರ್ಬೊರ್ಗ್ ಮತ್ತು ರಾನ್ವಾ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಜಗಳವಾಡಿದವರು.

ಕೂಸಿನ ಮೈಮೇಲೆ ಅಜ್ಜಿ ಹೆಣೆದ ಉಣ್ಣೆಯ ಒಳಂಗಿಯಿತ್ತು. ರಾನ್ವಾ ಅದನ್ನು ಬಿಚ್ಚಿ ಮಡಚಿ ಪಕ್ಕಕ್ಕಿಟ್ಟರು.

"ಇದು ಚುಚ್ಚುತ್ತೆ, ಹೆರ್ಬೊರ್ಗ್. ಒಳಗೆ ಹತ್ತಿ ಹಾಕು. ಬೇಕಾದ್ರೆ ಮೇಲೊಂದು ಉಣ್ಣೆ ಹಾಕು."

"ನಮ್ಮ ಕುರಿ ಉಣ್ಣೆ ಚುಚ್ಚುತ್ತಾ? ನಿನ್ನನ್ನ ನಿಮ್ಮಮ್ಮ ಏನು, ರೇಷ್ಮೆಯಲ್ಲಿ ಸುತ್ತಿದ್ಲಾ?"

"ಇಲ್ಲ. ಅದಕ್ಕೇ ನಾನು ಹೀಗೆ ಒರಟಾಗಿರೋದು."

ಅಸ್ಲಾ ನಕ್ಕುಬಿಟ್ಟಳು. ಹೆರ್ಬೊರ್ಗ್ ನಗಲಿಲ್ಲ, ಮಡಚಿಟ್ಟ ಅಂಗಿಯನ್ನು ಎತ್ತಿಕೊಂಡು ಒಳಗೆ ಹೋದರು. ಆದರೆ ಮುಂದಿನ ವಾರ ರಾನ್ವಾ ಬಂದಾಗ ಕೂಸಿನ ಮೈಮೇಲೆ ಹತ್ತಿಯಂಗಿಯಿತ್ತು.

ಅಜ್ಜಿಯ ಮುನಿಸಿಗಿಂತ ದೊಡ್ಡದು ಅಸ್ಲಾಳ ಭಯ. ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡ್ ಮುಲಾಮನ್ನು ಅವಳು ಬೀರುವಿನಲ್ಲಿ ಮುಚ್ಚಿಟ್ಟಿದ್ದಳು. ಚರ್ಮ ತೆಳ್ಳಗಾಗುತ್ತದೆ, ಮಗು ಬೆಳೆಯುವುದಿಲ್ಲ ಎಂದು ಯಾರೋ ಹೇಳಿದ್ದರು. ರಾನ್ವಾ ತಮ್ಮ ಬೆರಳ ತುದಿಯ ಮೇಲೆ ಮುಲಾಮಿನ ಒಂದು ಗೆರೆ ಎಳೆದು ತೋರಿಸಿದರು. "ನಿನ್ನ ಎರಡು ಅಂಗೈಯಗಲಕ್ಕೆ ಇಷ್ಟೇ. ಕೆಂಪಗಿರೋ ಕಡೆ ಮಾತ್ರ, ವೈದ್ಯರು ಹೇಳಿದಷ್ಟೇ ದಿನ. ನಿನಗೆ ಹೆದರಿಕೆ ಆಗುತ್ತೆ ಅನ್ನೋದು ತಪ್ಪಲ್ಲ, ಅಸ್ಲಾ. ಆದ್ರೆ ಬಿರಿದ ಚರ್ಮ ಅಂದ್ರೆ ಬಾಗಿಲು ತೆಗೆದಿಟ್ಟ ಮನೆ. ನನಗೆ ಅದರದ್ದೇ ಹೆಚ್ಚು ಹೆದರಿಕೆ." ಅಕ್ಟೋಬರ್ ಮುಗಿಯುವಷ್ಟರಲ್ಲಿ ಕೂಸಿನ ಕೆನ್ನೆ ನುಣುಪಾಗತೊಡಗಿತು. ರಾತ್ರಿ ನಾಲ್ಕು ಗಂಟೆ ಒಂದೇ ಸಮನೆ ನಿದ್ದೆ ಮಾಡಿದಳೆಂದು ಅಸ್ಲಾ ಫೋನ್ ಮಾಡಿ ಅತ್ತಳು.

ನವೆಂಬರಿನ ಒಂದು ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ರಾನ್ವಾ ಆ ಮನೆಗೆ ಹೋದರು. ಹೊರಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಚರ್ಚಿನ ಗೋಪುರವೂ ಕಾಣುತ್ತಿರಲಿಲ್ಲ. ಅಸ್ಲಾ ಬಾಗಿಲಲ್ಲೇ ಖುಷಿಯಿಂದ ಹೇಳಿದಳು: "ಸ್ವಲ್ಪ ಮೈ ಬಿಸಿಯಿದೆ. ಆದ್ರೆ ನಿನ್ನೆ ರಾತ್ರಿಯಿಂದ ಒಂದು ಸಲಾನೂ ಕೆರ್ಕೊಂಡಿಲ್ಲ ನೋಡು!"

ರಾನ್ವಾ ಅವರ ಕಾಲು ಅಲ್ಲೇ ನಿಂತವು. ಇಸುಬಿನ ಕೂಸು ಕೆರೆದುಕೊಳ್ಳುವುದನ್ನು ಹಾಗೆ ಏಕಾಏಕಿ ನಿಲ್ಲಿಸುವುದಿಲ್ಲ. ತುರಿಕೆಯ ಜಾಗಕ್ಕೆ ನೋವು ಬಂದಾಗ ಮಾತ್ರ ಅದು ಕೈ ತೆಗೆಯುತ್ತದೆ.

ಸುನ್ನಿವಾ ತೊಟ್ಟಿಲಲ್ಲಿ ಅಲುಗಾಡದೆ ಮಲಗಿದ್ದಳು. ಅಳುವೂ ಇರಲಿಲ್ಲ. ಟಾರ್ಚಿನ ಬೆಳಕಿನಲ್ಲಿ ಬಲಗೆನ್ನೆಯ ಮೇಲೆ ಒಂದೇ ಅಳತೆಯ ಪುಟ್ಟ ಗುಳ್ಳೆಗಳು ಗುಂಪುಗೂಡಿದ್ದವು. ಕೆಲವು ಒಡೆದು, ಪಿನ್ನಿನಿಂದ ಕೊರೆದಂಥ ದುಂಡನೆ ಕುಳಿಗಳಾಗಿದ್ದವು. ಮೂರು ಗುಳ್ಳೆ ರೆಪ್ಪೆಯ ಅಂಚಿನಲ್ಲಿದ್ದವು. ಕಣ್ಣು ಊದಿಕೊಂಡು ಮುಚ್ಚಿತ್ತು.

"ಸೀತಾಳೆ ಸಿಡುಬು ಇರಬೇಕು," ಎಂದರು ಹೆರ್ಬೊರ್ಗ್ ಹಿಂದಿನಿಂದ. "ಅಸ್ಲಾಗೂ ಹೀಗೇ ಬಂದಿತ್ತು."

ರಾನ್ವಾ ಟಾರ್ಚನ್ನು ಇನ್ನೂ ಹತ್ತಿರ ಹಿಡಿದರು. ಅಷ್ಟರಲ್ಲಿ ರಾನ್ವಾ ಅವರಿಗೆಂದು ಮಿಕ್ಯಾಲ್ ಕಾಫಿ ತಂದರು. ಲೋಟ ತೆಗೆದುಕೊಳ್ಳಲು ತಲೆಯೆತ್ತಿದಾಗ ಆ ಹಿರಿಯರ ಕೆಳತುಟಿಯ ಮೂಲೆಯಲ್ಲಿ ಒಣಗಿದ ಹಕ್ಕಳೆ ಕಂಡಿತು.

"ಮಿಕ್ಯಾಲ್, ತುಟಿಗೆ ಏನಾಗಿದೆ?"

"ಇದಾ? ಹೋದ ವಾರ ದೋಣಿಯಲ್ಲಿ ಗಾಳಿ ಹೊಡೀತು. ಪ್ರತಿ ಚಳಿಗಾಲ ಬರುತ್ತೆ, ಹೋಗುತ್ತೆ."

"ಗುಳ್ಳೆ ಇದ್ದಾಗ ಮಗೂಗೆ ಮುತ್ತು ಕೊಟ್ಯಾ?"

ಮಿಕ್ಯಾಲ್ ನಗಲು ಹೊರಟವರು ರಾನ್ವಾ ಅವರ ಮುಖ ನೋಡಿ ನಗು ನುಂಗಿಕೊಂಡರು. "ಕೊಡದೆ ಇರ್ತೀನಾ? ನನ್ನ ಮೊಮ್ಮಗಳು ಕಣೆ ಅದು," ಎಂದರು. ಆಮೇಲೆ, ಬಹಳ ಮೆಲ್ಲಗೆ, "ಯಾಕೆ?" ಎಂದು ಕೇಳಿದರು.

ರಾನ್ವಾ ಫೋನ್ ಹಿಡಿದು ಹೊರಗೆ ಹೋದರು. ಆ ದಿನ ದ್ವೀಪದ ಆಸ್ಪತ್ರೆಯಲ್ಲಿ ಕರೆಗೆ ಸಿಕ್ಕಿದ್ದು ಬದಲಿಗೆ ಬಂದಿದ್ದ ಯುವ ವೈದ್ಯ. ಕೆರೆತದಿಂದ ಆದ ಸೋಂಕಿರಬಹುದು, ಮಧ್ಯಾಹ್ನ ಕರೆತನ್ನಿ ಎಂದ.

"ಮಧ್ಯಾಹ್ನ ಅಲ್ಲ, ಈಗ," ಎಂದರು ರಾನ್ವಾ. "ಇಪ್ಪತ್ತು ನಿಮಿಷದಲ್ಲಿ ನಾನು ಮಗೂನ ಎತ್ತಿಕೊಂಡು ನಿಮ್ಮ ಬಾಗಿಲಲ್ಲಿರ್ತೀನಿ. ಡ್ರಿಪ್ ಸಿದ್ಧ ಇಟ್ಟಿರಿ. ನನ್ನ ಮಾತು ತಪ್ಪಾದ್ರೆ ಎಲ್ಲರ ಮುಂದೆ ಬೈಯಿರಿ, ಬೈಸಿಕೊಳ್ತೀನಿ. ಒಂದು ಸಲ ನಾನು ಕಾದು ನೋಡಿದ್ದೀನಿ, ಡಾಕ್ಟ್ರೇ. ಇನ್ನೊಂದು ಸಲ ಕಾಯಲ್ಲ."

ಸುರಂಗದ ರಸ್ತೆಯಲ್ಲಿ ಅಸ್ಲಾ ಹಿಂದಿನ ಸೀಟಿನಲ್ಲಿ ಕೂಸಿನ ಎರಡೂ ಕೈ ಹಿಡಿದು ಕೂತಿದ್ದಳು, ಕಣ್ಣುಜ್ಜದಿರಲೆಂದು. "ಅವಳು ಸಾಯ್ತಾಳಾ?" ಎಂದು ಕೇಳಿದಳು. "ಕೈ ಬಿಡಬೇಡ," ಎಂದಷ್ಟೇ ಹೇಳಿದರು ರಾನ್ವಾ.

ಯುವ ವೈದ್ಯ ಬಾಗಿಲಲ್ಲೇ ಕಾಯುತ್ತಿದ್ದ. ಕೂಸಿನ ಮುಖ ನೋಡಿದ ಮೇಲೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮೊದಲ ಔಷಧಿ ಡ್ರಿಪ್ಪಿನಲ್ಲಿ ಇಳಿಯತೊಡಗಿದಾಗ ಒಂಬತ್ತೂ ಹತ್ತು. ಆದರೆ ಕಣ್ಣು ನೋಡುವ ವೈದ್ಯರಿರುವುದು ಇನ್ನೊಂದು ದ್ವೀಪದಲ್ಲಿರುವ ರಾಜಧಾನಿ ತೋರ್ಸ್‌ಹಾವ್ನ್‌ನಲ್ಲಿ. ಮಂಜು ತೆರವಾಗುವವರೆಗೆ ಹೆಲಿಕಾಪ್ಟರ್ ಹಾರುವುದಿಲ್ಲವೆಂದರು. ಉಳಿದದ್ದು ಎರಡು ತಾಸಿನ ಹಡಗು. ಡ್ರಿಪ್ ಸಮೇತ ಕೂಸನ್ನು ಆಂಬುಲೆನ್ಸಿನಲ್ಲಿ ಹಡಗಿಗೆ ಏರಿಸಿದರು. ಆಸ್ಪತ್ರೆಯ ದಾದಿ ಜೊತೆಗಿದ್ದರೂ ಅಸ್ಲಾ ರಾನ್ವಾ ಅವರ ತೋಳು ಬಿಡಲಿಲ್ಲ.

ಬಂದರಿನ ಅಂಚಿಗೆ ಮಿಕ್ಯಾಲ್ ಕೂಡ ಬಂದಿದ್ದರು. ಕೂಸಿನ ಹತ್ತಿರ ಬರಲಿಲ್ಲ. ಹತ್ತು ಹೆಜ್ಜೆ ದೂರದಲ್ಲಿ, ಸೋಂಕು ಗಾಳಿಗೂ ಹಾರೀತೆಂಬಂತೆ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ನಲವತ್ತು ವರ್ಷ ಕಡಲಿನಲ್ಲಿ ದುಡಿದ ಆ ಮನುಷ್ಯ ಹಾಗೆ ನಿಂತದ್ದನ್ನು ರಾನ್ವಾ ಎಂದೂ ಕಂಡಿರಲಿಲ್ಲ. ಅವರು ತಿರುಗಿ ಹೋಗಿ ಮಿಕ್ಯಾಲ್ ಅವರ ಭುಜ ಹಿಡಿದರು.

"ನಿನಗೆ ಗೊತ್ತಿರಲಿಲ್ಲ, ಮಿಕ್ಯಾಲ್. ನಿನಗೆ ಹೇಳಬೇಕಾದವಳು ನಾನು. ಉಣ್ಣೆ ವಿಷಯ ಹೇಳಿದೆ, ಬೆಂಕಿ ವಿಷಯ ಹೇಳಿದೆ. ತುಟಿ ಗುಳ್ಳೆ ವಿಷಯ ಅಸ್ಲಾಗೆ ಹೇಳಿದ್ದೆ, ನಿನ್ನನ್ನ ಕೂರಿಸಿ ಹೇಳೋದು ಮರೆತೆ."

ಆ ಎರಡು ತಾಸು ಅಲೆಗೆ ಹಡಗು ಎದ್ದು ಕೂತಾಗಲೆಲ್ಲ ಡ್ರಿಪ್ಪಿನ ಬಾಟಲಿ ತೂಗಾಡುತ್ತಿತ್ತು. ಹಕ್ಕಳೆಗಳ ನಡುವೆ ಹೊಸ ಗುಳ್ಳೆಗಳು ಏಳುತ್ತಿವೆಯೇ ಎಂದು ರಾನ್ವಾ ಮತ್ತೆಮತ್ತೆ ನೋಡಿದರು. ಕತ್ತಿನ ಬಳಿ ಎರಡು ಎದ್ದಿದ್ದವು. ಅದನ್ನು ಅಸ್ಲಾಗೆ ಹೇಳಲಿಲ್ಲ, ದಾದಿಗೆ ಕಣ್ಣಿನಲ್ಲೇ ತೋರಿಸಿದರು. ಆ ಹೊತ್ತಿನಲ್ಲಿ ಬ್ರೆಡ್ ಅಂಗಡಿಯ ಹುಡುಗಿಯ ಮುಖ ಬಿಟ್ಟು ಬೇರೇನೂ ಕಣ್ಣಮುಂದೆ ಬರಲಿಲ್ಲವಂತೆ.

ತೋರ್ಸ್‌ಹಾವ್ನ್‌ನಲ್ಲಿ ಕಣ್ಣಿನ ವೈದ್ಯೆ ಊದಿದ ರೆಪ್ಪೆಯನ್ನು ಮೆಲ್ಲಗೆ ಬಿಡಿಸಿ, ಬಣ್ಣದ ಹನಿ ಹಾಕಿ, ನೀಲಿ ಬೆಳಕಿನಲ್ಲಿ ನೋಡಿದರು. ಒಂದು ಸಲ ನೋಡಿ, ಮತ್ತೆ ನೋಡಿದರು. ಆಮೇಲೆ ಹೇಳಿದರು: ಕಣ್ಣಿನ ಪಾಪೆಗೆ ಇನ್ನೂ ತಾಗಿಲ್ಲ, ಸಮಯಕ್ಕೆ ತಂದಿರಿ. ಅಸ್ಲಾ ಕುರ್ಚಿಯಲ್ಲಿ ಕುಸಿದಳು. ರಾನ್ವಾ ಶೌಚಾಲಯಕ್ಕೆ ಹೋಗಿ, ನಲ್ಲಿ ತಿರುಗಿಸಿ, ಅಳುವ ಸದ್ದು ಹೊರಗೆ ಕೇಳದಂತೆ ಅತ್ತರು. ಸುನ್ನಿವಾ ಹತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು. ಆಸ್ಪತ್ರೆಯ ಐದನೆಯ ದಿನ ನೋವಿಳಿದು ಅವಳು ಮತ್ತೆ ಕೆರೆದುಕೊಳ್ಳತೊಡಗಿದಾಗ, ಅದನ್ನು ಕಂಡು ಸಂತೋಷಪಟ್ಟ ತಾಯಿ ಪ್ರಪಂಚದಲ್ಲಿ ತಾನೊಬ್ಬಳೇ ಇರಬೇಕೆಂದು ಅಸ್ಲಾ ಹೇಳುತ್ತಾಳೆ.

ಆಸ್ಪತ್ರೆಯಿಂದ ಕಳಿಸುವಾಗ ಕೊಟ್ಟ ಕಾಗದದಲ್ಲಿ ರೋಗದ ಹೆಸರಿದೆ, ಔಷಧಿಯ ಹೆಸರಿದೆ, ಇಬ್ಬರು ವೈದ್ಯರ ಹೆಸರಿದೆ. ಗುಳ್ಳೆಯನ್ನು ಮೊದಲು ಗುರುತಿಸಿದವರ ಹೆಸರು ಅದರಲ್ಲಿಲ್ಲ. ಅಂಥ ಕಾಗದದಲ್ಲಿ ಅದಕ್ಕೆ ಜಾಗವೂ ಇರುವುದಿಲ್ಲ. ಈಗ ರಾನ್ವಾ ಯಾವ ಮನೆಗೆ ಹೋದರೂ ಮೊದಲು ಅಜ್ಜ, ಅಜ್ಜಿ, ಚಿಕ್ಕಪ್ಪಂದಿರನ್ನು ಸಾಲಾಗಿ ಕೂರಿಸಿ ಒಬ್ಬೊಬ್ಬರ ತುಟಿ ನೋಡುತ್ತಾರೆ. "ಕುದುರೆ ಕೊಳ್ಳೋಕೆ ಬಂದಂಗೆ ಬಾಯಿ ನೋಡ್ತಾಳೆ," ಎಂದು ಊರಿನ ಗಂಡಸರು ಆಡಿಕೊಳ್ಳುತ್ತಾರೆ. ಆಡಿಕೊಂಡರೂ ಬಾಯಿ ತೋರಿಸುತ್ತಾರೆ.

ನಿವೃತ್ತಿಗೆ ಇನ್ನು ಎರಡು ವರ್ಷವಿದೆ. ಭಯ ಕಡಿಮೆಯಾಗಿದೆಯೇ ಎಂದರೆ ರಾನ್ವಾ ಅಡ್ಡಡ್ಡ ತಲೆಯಾಡಿಸುತ್ತಾರೆ. "ಇಲ್ಲ, ಹೆಚ್ಚಾಗಿದೆ. ಸುನ್ನಿವಾ ಮನೆಗೆ ನಾನು ನಿಜಕ್ಕೂ ಬುಧವಾರ ಹೋಗಬೇಕಿತ್ತು. ಇನ್ನೊಂದು ಮನೆಯವರು ಊರಲ್ಲಿಲ್ಲ ಅಂತ ಒಂದು ದಿನ ಮೊದಲೇ ಹೋದೆ."

ಆಮೇಲೆ ಹೋದ ವಾರದ ಸಂಗತಿಯೊಂದನ್ನು ಹೇಳುತ್ತಾರೆ. ದಿನಸಿ ಅಂಗಡಿಯಲ್ಲಿ ಹಾಲಿನ ಡಬ್ಬಿ ತೆಗೆಯುತ್ತಿದ್ದಾಗ, ಆ ತುದಿಯ ಬಾಗಿಲಿನಿಂದ ಮಿಕ್ಯಾಲ್ ಹತ್ತು ತಿಂಗಳ ಮೊಮ್ಮಗಳನ್ನು ಹೆಗಲಮೇಲೆ ಕೂರಿಸಿಕೊಂಡು ಒಳಗೆ ಬಂದರು. ಸುನ್ನಿವಾ ಇಡೀ ಅಂಗಡಿಯ ಮೇಲೆ ಕಣ್ಣಾಡಿಸಿದಳು. ರಾನ್ವಾ ಅವಳ ಕಣ್ಣಿಗೆ ಬಿದ್ದರು. ಬಾಯಿ ಅಗಲಿಸಿ, ಅಂಗಡಿಯೇ ತಿರುಗಿ ನೋಡುವಂತೆ ಅಳತೊಡಗಿದಳು.

"ನನ್ನ ಕಂಡ್ರೆ ಅವಳಿಗೆ ಒಂಚೂರೂ ಆಗಲ್ಲ," ಎಂದು ರಾನ್ವಾ ಮುಖವರಳಿಸಿ ಹೇಳುತ್ತಾರೆ. "ಎಷ್ಟು ದೂರ ಅಂತೀರಾ! ಇಡೀ ಅಂಗಡಿ ಉದ್ದ. ಅಷ್ಟು ದೂರದಿಂದ ಗುರುತು ಹಿಡಿದ್ಲು."