ಮೇಷ್ಟ್ರು ಅಳೆದ ಕಲ್ಲು

ನಮ್ಮ ಫಿಸಿಕ್ಸ್ ಮೇಷ್ಟ್ರ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ತಗ್ಗು. ಬೋರ್ಡಿನ ಮೇಲೆ ಅವರು ಎಳೆದ ಗೆರೆಯೂ ಆ ಕಡೆಗೇ ಇಳಿಯುತ್ತಿತ್ತು. ಅರಸೀಕೆರೆ ಕಾಲೇಜಿನ ಹಿಂದಿನ ಬೆಂಚಿನಲ್ಲಿ ನಾವು ಹುಡುಗಿಯರು ಒಂದು ಭುಜ ಇಳಿಸಿ ಕೂತು ನಗುತ್ತಿದ್ದೆವು. ಅವರು ನೋಡಿಯೂ ನೋಡದ ಹಾಗೆ ಪಾಠ ಮುಂದುವರಿಸುತ್ತಿದ್ದರು.

ಯಾರಾದರೂ ಏನನ್ನಾದರೂ ಖಡಾಖಂಡಿತವಾಗಿ ಹೇಳಿದರೆ ಮೇಷ್ಟ್ರ ಬಾಯಿಂದ ಬರುತ್ತಿದ್ದುದು ಒಂದೇ ಮಾತು: "ಯಾರು ನೋಡಿದ್ರು?" ಕ್ಯಾಂಟೀನಿನವನು ವಡೆ ಬಿಸಿ ಇದೆ ಎಂದಾಗಲೂ ಅದೇ. ಅವನು ರೇಗಿ, "ಮುಟ್ಟಿ ನೋಡಿ ಸಾರ್, ನಿಮ್ಗೂ ಕೈ ಐತಲ್ಲ" ಅಂದ. ಮೇಷ್ಟ್ರು ನಿಜವಾಗಿಯೂ ಮುಟ್ಟಿ ನೋಡಿ, "ಉಗುರುಬೆಚ್ಚಗಿದೆ" ಎಂದರು.

ಅವರು ಹಗರೆಯವರು, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ನಲವತ್ತು ದಾಟಿದ ಮೇಲೆ ಪಿಎಚ್‌ಡಿಗೆ ಸೇರಿಕೊಂಡಿದ್ದರು. ವಿಷಯ ಪಾಸಿಟ್ರಾನ್. ತೂಕದಲ್ಲಿ ಎಲೆಕ್ಟ್ರಾನಿನಷ್ಟೇ, ವಿದ್ಯುದಂಶ ಮಾತ್ರ ಅದಕ್ಕೆ ವಿರುದ್ಧ. ಘನವಸ್ತುವಿನೊಳಗೆ ಹೊಕ್ಕ ಪಾಸಿಟ್ರಾನಿನ ಆಯಸ್ಸು ಒಂದು ಎಲೆಕ್ಟ್ರಾನ್ ಸಿಗುವ ತನಕ. ಸಿಕ್ಕ ಕೂಡಲೇ ಎರಡೂ ಇಲ್ಲವಾಗಿ ಗಾಮಾ ಕಿರಣಗಳಷ್ಟೇ ಉಳಿಯುತ್ತವೆ. ಒಳಗೆ ಪರಮಾಣು ಇರಬೇಕಾದ ಕಡೆ ಖಾಲಿ ಜಾಗವಿದ್ದರೆ ಅಲ್ಲಿ ಎಲೆಕ್ಟ್ರಾನ್ ಕಡಿಮೆ, ಹಾಗಾಗಿ ಪಾಸಿಟ್ರಾನ್ ಒಂದು ಚೂರು ಹೆಚ್ಚು ಬದುಕುತ್ತದೆ. ಆ ಚೂರನ್ನು ಅಳೆದು, ಹಳೇಬೀಡಿನ ಬಳಪದ ಕಲ್ಲು ಮಳೆಬಿಸಿಲಿಗೆ ಒಳಗೊಳಗೇ ಹೇಗೆ ಸವೆಯುತ್ತದೆಂದು ಕಂಡುಹಿಡಿಯಬೇಕೆಂಬುದು ಅವರ ಹಟ. ದೇವಸ್ಥಾನದಿಂದ ಕಲ್ಲು ಕೊಯ್ದು ತರಲು ಬರುವುದಿಲ್ಲ. ಅದಕ್ಕೇ ನಮ್ಮಪ್ಪ ಬೇಕಾದರು.

ಅಪ್ಪ ಹಳೇಬೀಡಿನಲ್ಲಿ ಅಂಥದೇ ಕಲ್ಲಿನಿಂದ ಪ್ರವಾಸಿಗರಿಗೆ ಸಣ್ಣ ಆನೆ, ನಂದಿ ಕೆತ್ತುವವರು. ಮೇಷ್ಟ್ರು ಕೇಳಿದಾಗೆಲ್ಲ ಸಣ್ಣ ಬಿಲ್ಲೆಗಳಾಗಿ ಕೊಯ್ದು ಕೊಟ್ಟರು. ಕೆಲವು ಹೊಸ ಕಲ್ಲಿನವು, ಕೆಲವು ನಮ್ಮ ಹಿತ್ತಲಲ್ಲಿ ಅಜ್ಜನ ಕಾಲದಿಂದ ಬಿದ್ದಿದ್ದ ಕಲ್ಲಿನವು. ವಿಶ್ವವಿದ್ಯಾಲಯದ ಲ್ಯಾಬಿಗೆ ಹೋಗಿ ಅಳೆದು ಬಂದ ಮೇಷ್ಟ್ರ ಮುಖ ಅರಳಿತ್ತು. ಹಿತ್ತಲ ಕಲ್ಲಿನಲ್ಲಿ ಪಾಸಿಟ್ರಾನ್ ಯಾರೂ ಎಣಿಸದಷ್ಟು ಹೊತ್ತು ಬದುಕಿತ್ತು. ಪ್ರಬಂಧ ಬರೆದು ಮುಗಿಸಿದರು. ಕೊನೆಗೊಂದು ಸಲ ಖಚಿತಪಡಿಸಿಕೊಳ್ಳಲು ಇನ್ನೆರಡು ಬಿಲ್ಲೆ ಬೇಕೆಂದು ಒಂದು ಭಾನುವಾರ ಹೇಳದೆ ಕೇಳದೆ ಮನೆಗೆ ಬಂದರು.

ಅಪ್ಪ ಬೋಗುಣಿಯಿಂದ ಬಿಲ್ಲೆ ತೆಗೆದು ಬಟ್ಟೆಯಲ್ಲಿ ಒರೆಸುತ್ತಿದ್ದರು.

"ಏನ್ರೀ ಅದು?"

"ಎಣ್ಣೆ ಸಾರ್. ಬರೀ ಕಲ್ಲು ಬೂದಿ ಬಣ್ಣ ಕಾಣ್ತದೆ. ಮಗಳಿಗೆ ಪಾಠ ಹೇಳೋರ್ಗೆ ಹಂಗೇ ಕೊಡಕ್ಕಾಯ್ತದಾ? ನಿಮ್ಗೆ ಕೊಟ್ಟಿದ್ದೆಲ್ಲಾನೂ ರಾತ್ರಿ ಎಣ್ಣೇಲಿ ನೆನೆಹಾಕೇ ಕೊಟ್ಟಿವ್ನಿ."

ಮೇಷ್ಟ್ರು ಒಂದು ಬಿಲ್ಲೆಯನ್ನು ಬೆಳಕಿಗೆ ಹಿಡಿದರು. "ಚೆನ್ನಾಗಿ ಹೊಳೀತೈತೆ" ಎಂದರು. ಅಮ್ಮ ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದರು.

ಹಾಸ್ಟೆಲಿಗೆ ಹೊರಟಿದ್ದ ನಾನೂ ಅವರ ಜೊತೆ ಬಸ್ಸು ಹತ್ತಿದೆ. ಜಾವಗಲ್ ದಾಟಿದ ಮೇಲೆ ಅವರೇ ಮಾತು ತೆಗೆದರು.

"ಮೇಲೆ ಉಜ್ಜಿ ನಯ ಮಾಡ್ಕೊಂಡಿದ್ದೆ ಕಣಮ್ಮ. ಹಳೇ ಕಲ್ಲಿನ ಬಿರುಕಲ್ಲಿ ಎಣ್ಣೆ ಇಳಿದ್ಬಿಟ್ಟಿದೆ. ಎಣ್ಣೇಲೂ ಪಾಸಿಟ್ರಾನ್ ಜಾಸ್ತಿ ಹೊತ್ತು ಬದುಕುತ್ತೆ. ನಾನು ಅಳೆದಿದ್ದು ಅದನ್ನ. ಕಲ್ಲನ್ನಲ್ಲ."

"ಮತ್ತೆ ಅಳೀಬಹುದಲ್ಲ ಸಾರ್?"

"ಟೈಮ್ ಮುಗೀತು. ಯೂನಿವರ್ಸಿಟಿಯೋರು ಆಗ್ಲೇ ಒಂದ್ಸಲ ಜಾಸ್ತಿ ಕೊಟ್ಟಾಗಿದೆ."

"ಅಪ್ಪಂಗೆ ನಾನು ಹೇಳ್ತೀನಿ."

"ಬೇಡ. ಮರ್ಯಾದೆಗೆ ಅಂತ ಮಾಡಿರೋದು. ಅದನ್ನ ತಪ್ಪು ಅಂತ ಹೆಂಗ್ ಹೇಳೋದು?"

ಸುಮ್ಮನೆ ಸಲ್ಲಿಸಿಬಿಡಿ, ಯಾರಿಗೆ ಗೊತ್ತಾಗುತ್ತದೆ ಎಂದು ಗೈಡ್ ಹೇಳಿದರಂತೆ. ಮೇಷ್ಟ್ರು ಸಲ್ಲಿಸಲಿಲ್ಲ. ನೋಂದಣಿ ರದ್ದಾಯಿತು. ಏನಾಯ್ತು ಸಾರ್ ಎಂದು ಅಪ್ಪ ಫೋನಿನಲ್ಲಿ ಕೇಳಿದಾಗ "ಮುಗೀತು ಕಣ್ರೀ" ಎಂದರು. ಅಂದಿನಿಂದ ಅಪ್ಪನ ಬಾಯಲ್ಲಿ ಅವರು ಡಾಕ್ಟ್ರು. ಮೇಷ್ಟ್ರು ಅದನ್ನೂ ನುಂಗಿಕೊಂಡರು. ನಿವೃತ್ತಿಯವರೆಗೂ ಬರೀ ಲೆಕ್ಚರರ್ ಆಗಿಯೇ ಉಳಿದರು. ನನ್ನನ್ನು ಎಂ.ಎಸ್ಸಿ.ಗೆ ಸೇರಿಸಿದವರು ಅವರೇ. ನಾನಿವತ್ತು ಬೇಲೂರಿನಲ್ಲಿ ಪಾಠ ಹೇಳಿ ಉಣ್ಣುತ್ತಿರುವುದು ಅವರಿಂದ.

ಹೋದ ತಿಂಗಳು ಕ್ಲಾಸಿನಲ್ಲಿದ್ದಾಗ ಮೇಷ್ಟ್ರು ತೀರಿಕೊಂಡ ಸುದ್ದಿ ಮೊಬೈಲಿಗೆ ಬಂತು. ಓದಿದೆ, ಅರ್ಧಕ್ಕೆ ನಿಂತಿದ್ದ ಲೆಕ್ಕ ಮುಗಿಸಿದೆ. ಅಳು ಬರಲಿಲ್ಲ. ಈಗಲೂ ಬಂದಿಲ್ಲ.

ಅಪ್ಪನನ್ನು ಕರೆದುಕೊಂಡು ಅರಸೀಕೆರೆಗೆ ಹೋದೆ. ನಡುಮನೆಯಲ್ಲಿ ಬುದ್ಧನ ಪಟದ ಮುಂದೆ ಮಲಗಿಸಿದ್ದರು. ಅಪ್ಪ ಕೈಮುಗಿದು ಹೊರಗೆ ಬಂದವರು ಗೇಟಿಗೆ ಕಟ್ಟಿದ್ದ ಶ್ರದ್ಧಾಂಜಲಿಯ ಫ್ಲೆಕ್ಸ್ ಮುಂದೆ ನಿಂತುಬಿಟ್ಟರು.

"ಹೆಸ್ರಿನ ಮುಂದೆ ಡಾಕ್ಟ್ರು ಅಂತಾನೇ ಹಾಕಿಲ್ವಲ್ಲಮ್ಮ. ಎಂಥಾ ಜನ ಇವ್ರು! ನಮ್ ಕಲ್ಲಲ್ಲೇ ಆಗಿದ್ದಲ್ವಾ ಅದು?"

ಮೇಷ್ಟ್ರ ಹೆಂಡತಿ ಬಾಗಿಲಲ್ಲೇ ಕೂತಿದ್ದರು. ಅವರಿಗೆ ಎಲ್ಲ ಗೊತ್ತು. ನನ್ನ ಮುಖ ನೋಡಿದರು.

"ಹೌದಣ್ಣ, ಬಿಟ್ಟೋಗಿದೆ" ಎಂದು ಒಳಗಿನಿಂದ ಒಂದು ಮಾರ್ಕರ್ ಪೆನ್ನು ತರಿಸಿಕೊಟ್ಟರು.

ಅಪ್ಪ ಕನ್ನಡಕ ಸರಿಮಾಡಿಕೊಂಡು, ಶಾಸನ ಕೊರೆಯುವಷ್ಟು ನಿಧಾನವಾಗಿ 'ಡಾ' ಬರೆಯತೊಡಗಿದರು. ಗಾಳಿಗೆ ಫ್ಲೆಕ್ಸ್ ಅಲುಗುತ್ತಿತ್ತು. ಅಕ್ಷರ ಸೊಟ್ಟಗಾಗದಿರಲಿ ಎಂದು ನಾನು ಅದರ ಅಂಚು ಬಿಗಿಯಾಗಿ ಹಿಡಿದುಕೊಂಡೆ.