ಷಡಕ್ಷರಿಯ ಎರಡು ಭುಜ

ಚನ್ನರಾಯಪಟ್ಟಣದ ಷಡಕ್ಷರಿ ದುಡ್ಡಿಗೆ ಹಿಡಿದ ಕುಸ್ತಿಗಳು ನಲವತ್ತಕ್ಕೂ ಮಿಕ್ಕು. ಊರು ನೆನಪಿಟ್ಟುಕೊಂಡದ್ದು ಒಂದನ್ನೇ. ಐವತ್ಮೂರರಲ್ಲಿ ಹಾಸನದಲ್ಲಿ ಟಿಕೀಟಿಟ್ಟು ನಡೆಸಿದ ಕುಸ್ತಿಯಲ್ಲಿ ಮೈಸೂರಿನ ಪೈಲ್ವಾನ ಅವನ ಮೇಲೆ ಬಿದ್ದ, ಶೀಟಿ ಊದಿದರು, ಷಡಕ್ಷರಿ ಚಿತ್ ಎಂದು ತೀರ್ಪಾಯಿತು. ಎರಡು ಭುಜವೂ ಒಟ್ಟಿಗೆ ನೆಲಕ್ಕೆ ತಾಗಿದರೆ ಚಿತ್. ತಾಗಲಿಲ್ಲ ಎಂದು ಷಡಕ್ಷರಿ. ತಾಗಿತು ಎಂದು ಅವನ ಗೆಳೆಯ, ದರ್ಜಿ ದ್ಯಾವಯ್ಯ.

ಹದಿನಾಲ್ಕು ವರ್ಷ ಈ ವ್ಯಾಜ್ಯ ದ್ಯಾವಯ್ಯನ ಹೊಲಿಗೆ ಯಂತ್ರದ ಮುಂದೆ ನಡೆಯಿತು. ಕುಸ್ತಿ ಬಿಟ್ಟು ಕೊಬ್ಬರಿ ವ್ಯಾಪಾರಕ್ಕಿಳಿದ ಷಡಕ್ಷರಿ ಮಂಡಿಯಿಂದ ನೇರ ಅಲ್ಲಿಗೇ ಬರುತ್ತಿದ್ದ.

"ಬೆನ್ ತುಂಬ ಮಣ್ಣಾಗಿತ್ತಲ್ಲಪ್ಪಾ!"

"ಲೇ ದ್ಯಾವ, ಅದು ಕುಸ್ತಿಗೆ ಮುಂಚೆ ಅವನು ಕೈ ಕೊಡೋವಾಗ ಬಳಿದ ಮಣ್ಣು ಕಣ್ಲಾ! ಬೆವರಿಗೆ ಪಟ್ಟು ಜಾರಬಾರ್ದು ಅಂತ ಎಲ್ರೂ ಬಳೀತಾರೆ."

"ಶೀಟಿ ಊದ್ಬುಟ್ರಲ್ಲ?"

"ಊದಿದೋನು ನನ್ ಕಾಲ್ ದೆಸೆ ನಿಂತಿದ್ದ. ಭುಜ ಕಂಡೋನಾ ಅವ್ನು? ತಗಾ, ಅಳೆ. ಎಡಗಡೇದು ನಾಕು ಬೆರಳು ಮೇಲಿತ್ತು!"

ಅಂಗಿಯ ಅಳತೆ ಕೊಡುವಾಗಲೂ ಇದೇ. ಹೊಳೆನರಸೀಪುರದ ಗರಡಿಯವರು ಹಳೇ ಪೈಲ್ವಾನರಿಗೆ ಶಾಲು ಹೊದಿಸಲು ಕರೆದು, ಗೆದ್ದದ್ದು ಸೋತದ್ದು ಓದುತ್ತಾ ಸೋತದ್ದರಲ್ಲಿ ಹಾಸನದ ಹೆಸರೆತ್ತಿದರು. ಷಡಕ್ಷರಿ ಶಾಲನ್ನು ಕುರ್ಚಿಯ ಮೇಲೆ ಹಾಕಿ ಬಸ್ಸು ಹತ್ತಿದ. "ಸುಳ್ಳನ್ನ ಹೊದ್ಕಂಡು ಬೆಚ್ಚಗಿರೋ ಮೈಯಲ್ಲ ಇದು."

ನಿಜವೆಂದರೆ ದ್ಯಾವಯ್ಯ ಆ ಗಳಿಗೆಯನ್ನು ನೋಡಿಯೇ ಇರಲಿಲ್ಲ. ಮುಂದೆ ಕೂತವನು ಎದ್ದು ನಿಂತಿದ್ದರಿಂದ ಅವನಿಗೆ ಕಂಡದ್ದು ಒಂದು ಪೇಟ ಮಾತ್ರ. ಮೊದಲ ದಿನ ತಮಾಷೆಗೆ ಚಿತ್ ಎಂದ. ಗೆಳೆಯ ಕೆರಳಿದ್ದು ನೋಡಿ ಮಾರನೆಯ ದಿನವೂ ಎಂದ. ಆಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ನಾಚಿಕೆಯಾಯಿತು.

ಅರವತ್ತೇಳರ ಮಾಘದಲ್ಲಿ ಮಂಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದ ಷಡಕ್ಷರಿ ಮತ್ತೆ ಏಳಲಿಲ್ಲ. ಅವರ ಮನೆತನದ ಪದ್ಧತಿಯಂತೆ ಹೆಣವನ್ನು ಸಮಾಧಿ ಗುಂಡಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂರಿಸಿದರು. ಮೇಲೆ ನಿಂತವರಲ್ಲಿ ಯಾರೋ ಪಿಸುಗುಟ್ಟಿದರು: "ಕೊನೆಗೂ ಪೈಲ್ವಾನರ ಬೆನ್ನು ಮಣ್ಣಾಯ್ತು."

"ಯಾವನ್ಲಾ ಅದು?" ದ್ಯಾವಯ್ಯ ಜನರನ್ನು ತಳ್ಳಿಕೊಂಡು ಮುಂದೆ ಬಂದ. "ಕಣ್ಬುಟ್ಟು ನೋಡು. ಕೂತವ್ನೆ! ಅವತ್ತೂ ಚಿತ್ ಆಗ್ಲಿಲ್ಲ, ಇವತ್ತೂ ಆಗಿಲ್ಲ!"

"ಇಷ್ಟ್ ವರ್ಷ ಚಿತ್ ಅಂದೋನು ನೀನೇ ಅಲ್ವಾ?"

"ನಾನು ನೋಡೇ ಇರ್ಲಿಲ್ಲ ಕಣ್ರಪ್ಪಾ. ಸುಳ್ಳೇಳ್ದೆ."

ಗುಂಡಿಯೊಳಗೆ ವಿಭೂತಿ ಗಟ್ಟಿ ಇಡುತ್ತಿದ್ದ ಷಡಕ್ಷರಿಯ ತಮ್ಮ ಗೌರೀಶಂಕರ ತಲೆಯೆತ್ತಿದ.

"ಸ್ವಾಮಿ, ಹಿಂದ್ಗಡೆ ಭುಜಕ್ಕೆ ಮಣ್ಣು ತಾಗ್ತೈತೆ," ಎಂದು ದ್ಯಾವಯ್ಯ ಅವನಿಗೆ ಹೇಳಿದ. "ವಿಭೂತಿ ಗಟ್ಟಿ ಅಲ್ಲಿಗೂ ಇಡಿ."

ಗೌರೀಶಂಕರ ಅಣ್ಣನ ಎಡಭುಜದ ಹಿಂದೊಂದು, ಬಲಭುಜದ ಹಿಂದೊಂದು ಗಟ್ಟಿ ಇಟ್ಟ.

"ಬಲಗಡೇದು ಇನ್ನೆರಡು ಬೆರಳು ಆಚೆಗೆ," ಎಂದ ದ್ಯಾವಯ್ಯ. ಆ ಭುಜದ ಅಳತೆ ಅವನಿಗೆ ಬಾಯಿಪಾಠವಾಗಿತ್ತು.